ಆಮೆ ಪುಸ್ತಕ ಸಿಗಲು ಏಳು ವಾರ: ಕರಾವಳಿಯ ಒಂದು ಶಾಲೆಯಲ್ಲಿ ಕಪಾಟು ಬದಲಾದ ಬಗೆ

ಫೆಬ್ರುವರಿ ಮೊದಲ ವಾರ. ಆರನೇ ತರಗತಿಯ ಹುಡುಗಿಯೊಬ್ಬಳು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ನನ್ನ ಹತ್ತಿರ ಓಡಿ ಬಂದಳು. ಅವಳ ಮನೆ ಕಡಲ ದಂಡೆಯಲ್ಲೇ ಇದೆ. ಹಿಂದಿನ ರಾತ್ರಿ ಕಡಲಾಮೆ ಮರಳಿಗೆ ಬಂದು ಮೊಟ್ಟೆ ಇಟ್ಟು ಹೋಗಿತ್ತು. ಅರಣ್ಯ ಇಲಾಖೆಯವರು ಆ ಜಾಗಕ್ಕೆ ಬಲೆಯ ಬೇಲಿ ಕಟ್ಟಿದ್ದರು. "ಮರಿ ಹೊರಗೆ ಬರಲಿಕ್ಕೆ ಎಷ್ಟು ದಿನ ಬೇಕು? ನಮ್ಮ ಶಾಲೆಯಲ್ಲಿ ಆಮೆ ಪುಸ್ತಕ ಇದೆಯಾ?" ಅಂತ ಕೇಳಿದಳು.

ಇತ್ತು. ದಾಸ್ತಾನು ಪುಸ್ತಕ ತೆಗೆದು ನೋಡಿದೆ. ಕ್ರಮಸಂಖ್ಯೆ 417. ಮೂರನೇ ಕಪಾಟಿನಲ್ಲಿ 416 ಇತ್ತು, 418 ಇತ್ತು. ನಡುವೆ ಏನೂ ಇರಲಿಲ್ಲ. ಯಾರೋ ಓದಿ ವಾಪಸ್ ಕೊಟ್ಟಿದ್ದರು. ವಾಪಸ್ ಪಡೆದವರು ಖಾಲಿ ಕಂಡ ಸಂದಿಯಲ್ಲಿ ಅದನ್ನು ಇಟ್ಟಿದ್ದರು. ಗ್ರಂಥಾಲಯದ ಹೊಣೆ ನನ್ನದೇ ಆದ್ದರಿಂದ ಇಟ್ಟವನೂ ನಾನೇ ಇರಬೇಕು. ಎರಡು ದಿನ ಹುಡುಕಿದೆ. ಆಮೇಲೆ ಪರೀಕ್ಷೆ, ಬಿಸಿಯೂಟದ ಲೆಕ್ಕ, ಜನಗಣತಿಯ ಕಾಗದ ಅಂತ ಬೇರೆ ಕೆಲಸ ಬಂತು.

ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಯ ಮೊಟ್ಟೆ ಒಡೆಯಲು ಸುಮಾರು 45ರಿಂದ 60 ದಿನ ಬೇಕು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಇದೆಲ್ಲ ಆ ಪುಸ್ತಕದಲ್ಲಿ ಚಿತ್ರಸಮೇತ ಇದೆ. ಅದು ನನಗೆ ಸಿಕ್ಕಿದ್ದು ಮಾರ್ಚ್ ಕೊನೆಯಲ್ಲಿ, ಭಾರತದ ನಕ್ಷೆ ಹುಡುಕುವಾಗ. ಅಷ್ಟರಲ್ಲಿ ಮರಿಗಳು ಕಡಲಿಗೆ ಇಳಿದು ಎರಡು ದಿನ ಆಗಿತ್ತು. ಹುಡುಗಿಗೆ ಪುಸ್ತಕ ಕೊಟ್ಟೆ. ಸುಮ್ನೆ ನಾಲ್ಕು ಪುಟ ತಿರುವಿದಳು, "ಇದೆಲ್ಲ ನಾ ನೋಡಿದೆ" ಅಂತ ವಾಪಸ್ ಕೊಟ್ಟಳು. ಅವಳ ತಪ್ಪಲ್ಲ. ಬೇಕಾದ ಹೊತ್ತಿಗೆ ಬರದ ಪುಸ್ತಕವನ್ನು ಮಗು ಯಾಕೆ ಓದಬೇಕು?

ಆ ಬೇಸಿಗೆಯಲ್ಲಿ ಶುರುವಾದ ಕೆಲಸದ ವಿವರ ಇಲ್ಲಿದೆ. ಮುಗಿಯಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಎರಡು ಸಲ ಪೂರ್ತಿ ತಪ್ಪು ದಾರಿ ಹಿಡಿದೆವು. ಬೇರೆ ಶಾಲೆಯವರಿಗೆ ಆ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರಬಹುದು ಅಂತ ಅವನ್ನೂ ಬಿಡದೆ ಬರೆದಿದ್ದೇನೆ.

ಮೊದಲು ಇದ್ದ ಸ್ಥಿತಿ

ಅಂಕೋಲಾ ಮತ್ತು ಕುಮಟಾ ನಡುವೆ, ಗಂಗಾವಳಿ ಹೊಳೆ ಕಡಲು ಸೇರುವ ಜಾಗಕ್ಕೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದರಿಂದ ಏಳನೇ ತರಗತಿ. ಮಕ್ಕಳಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ಹಾಲಕ್ಕಿ ಕನ್ನಡ. ಪುಸ್ತಕಗಳು ಒಂಬೈನೂರರಷ್ಟು. ಅನುದಾನದಲ್ಲಿ ಬಂದವು, ದಾನಿಗಳು ಕೊಟ್ಟವು, ಮುಚ್ಚಿದ ಪಕ್ಕದ ಶಾಲೆಯಿಂದ ಬಂದವು. ನಾಲ್ಕು ಕಬ್ಬಿಣದ ಕಪಾಟು, ನಾಲ್ಕಕ್ಕೂ ಬೀಗ. ಕೀಲಿ ಮುಖ್ಯ ಶಿಕ್ಷಕರ ಡ್ರಾಯರಿನಲ್ಲಿ.

ಒಳಗೆ ಪುಸ್ತಕಗಳು ದಾಸ್ತಾನು ಸಂಖ್ಯೆಯ ಪ್ರಕಾರ ನಿಂತಿದ್ದವು. ಅಂದರೆ, ಶಾಲೆಗೆ ಬಂದ ದಿನಾಂಕದ ಪ್ರಕಾರ. ಒಂದೇ ಲಾರಿಯಲ್ಲಿ ಬಂದ ವಿಜ್ಞಾನದ ಪುಸ್ತಕ, ಪಂಚತಂತ್ರದ ಕತೆ, ಇಂಗ್ಲಿಷ್ ವ್ಯಾಕರಣ ಅಕ್ಕಪಕ್ಕ. ಯಾವ ಮಗುವೂ "2014ರಲ್ಲಿ ಬಂದ ಪುಸ್ತಕ ಕೊಡಿ" ಅಂತ ಕೇಳುವುದಿಲ್ಲ ಅಲ್ವಾ? ಆದರೂ ಹೀಗೆ ಜೋಡಿಸಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಪುಸ್ತಕ ಕಳೆದರೆ ಯಾರು ಹೊಣೆ ಎಂಬ ಹೆದರಿಕೆ ಪ್ರತಿ ಶಿಕ್ಷಕರಿಗೂ ಇದೆ. ವರ್ಗಾವಣೆ ಆದಾಗ ಎಣಿಸಿ ಒಪ್ಪಿಸಬೇಕು. ಸಂಖ್ಯೆಯ ಪ್ರಕಾರ ಇದ್ದರೆ ಎಣಿಸುವುದು ಸಲೀಸು. ಆ ಜೋಡಣೆ ಎಣಿಸುವವರಿಗಾಗಿ ಮಾಡಿದ್ದು. ಓದುವವರ ನೆನಪು ಆಗ ಯಾರಿಗೂ ಬಂದಿರಲಿಲ್ಲ, ಅಷ್ಟೆ.

ಬೀಗದಿಂದ ಇನ್ನೊಂದು ನಷ್ಟ ಆಗುತ್ತಿತ್ತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ಇರುತ್ತದೆ. ಮುಚ್ಚಿದ ಕಬ್ಬಿಣದ ಕಪಾಟಿನೊಳಗೆ ಗಾಳಿ ಓಡುವುದಿಲ್ಲ. ಕಾಗದ ಹೀರಿಕೊಂಡ ತೇವ ಅಲ್ಲೇ ಕೂರುತ್ತದೆ. ಆಗಸ್ಟ್‌ನಲ್ಲಿ ಬಾಗಿಲು ತೆಗೆದರೆ ಬೂಷ್ಟಿನ ವಾಸನೆ ಮುಖಕ್ಕೆ ರಾಚುತ್ತಿತ್ತು. ಗೋಡೆಗೆ ತಾಗಿದ ಕಪಾಟಿನ ಹಿಂದೆ ಒರಲೆ ಹಿಡಿದು ಕೆಳಗಿನ ಸಾಲು ಹೋಗಿತ್ತು. ಕಳ್ಳರಿಂದ ಕಾಪಾಡಲು ಹಾಕಿದ ಬೀಗ ಪುಸ್ತಕಗಳನ್ನು ಮಳೆಗೆ ಒಪ್ಪಿಸಿತ್ತು.

ಮೊದಲ ತಪ್ಪು: ದೊಡ್ಡ ಗ್ರಂಥಾಲಯದ ಸಂಖ್ಯೆ

ನಾನು ಕಾರವಾರದಲ್ಲಿ ಓದುವಾಗ ಗ್ರಂಥಾಲಯದ ಪುಸ್ತಕಗಳ ಬೆನ್ನ ಮೇಲೆ ದಶಮಾಂಶದ ಸಂಖ್ಯೆ ನೋಡಿದ್ದೆ. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದವರು 1876ರಲ್ಲಿ ಹೊರತಂದ ಪದ್ಧತಿ ಅದು. ಜಗತ್ತಿನ ತಿಳಿವಳಿಕೆಯನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡುತ್ತಾ ಹೋಗುತ್ತದೆ. ವಿಜ್ಞಾನ 500, ಚರಿತ್ರೆ-ಭೂಗೋಳ 900, ಜನಪದ ಕತೆ 398.2. ಆಮೆಗಳಿಗೆ 597.92. ಒಳ್ಳೆಯ ಪದ್ಧತಿ ಅಲ್ವಾ, ಅದನ್ನೇ ಹಾಕೋಣ ಅಂದುಕೊಂಡೆ. ಬೇಸಿಗೆ ರಜೆಯ ಅರ್ಧ ಅದಕ್ಕೇ ಹೋಯಿತು.

ಮುನ್ನೂರು ಪುಸ್ತಕ ಮುಗಿಯುವ ಹೊತ್ತಿಗೆ ತೊಂದರೆ ಕಾಣಿಸಿತು. ಡ್ಯೂಯಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರ ಇಡೀ ಸಾಲು ಇದೆ. ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು 894.814 ಎಂಬ ಒಂದು ಮೂಲೆ. ನಮ್ಮ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳು ಕನ್ನಡದ ಕತೆ, ಪದ್ಯ, ನಾಟಕ. ಅವೆಲ್ಲದರ ಮೇಲೂ ಅದೇ ಉದ್ದನೆಯ ಸಂಖ್ಯೆ ಬರೆಯುತ್ತಾ ಕೂತಿದ್ದೆ. ಮುಂದಕ್ಕೆ ಅಂಕಿ ಸೇರಿಸಿ ಕವಿತೆ, ನಾಟಕ ಬೇರೆ ಮಾಡಬಹುದು, ಆಗ ಸಂಖ್ಯೆ ಇನ್ನೂ ಉದ್ದವಾಗುತ್ತದೆ. ನಾಲ್ಕನೇ ತರಗತಿಯ ಮಗುವಿಗೆ ದಶಮಾಂಶವೇ ಗೊತ್ತಿಲ್ಲ. 597.92 ದೊಡ್ಡದೋ 597.9 ದೊಡ್ಡದೋ ಎಂದರೆ ಅದು ಏನು ಹೇಳೀತು?

ಇನ್ನೊಂದು ಸಂಗತಿ ನಾನು ಮೊದಲೇ ಯೋಚಿಸಬೇಕಿತ್ತು. ಮಕ್ಕಳ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟು 16 ಪುಟ, 24 ಪುಟದವು. ನಡುವೆ ಎರಡು ಪಿನ್ನು, ಅಷ್ಟೇ. ಅವಕ್ಕೆ ಬೆನ್ನೇ ಇಲ್ಲ. ಸಂಖ್ಯೆ ಬರೆಯುವುದಾದರೂ ಎಲ್ಲಿ? ಕಪಾಟಿನಲ್ಲಿ ನಿಲ್ಲಿಸಿದರೆ ಕಾಗದದ ಅಂಚು ಮಾತ್ರ ಕಾಣುತ್ತದೆ.

ಎರಡನೇ ತಪ್ಪು: ಬಣ್ಣದಿಂದ ಓದಿನ ಮಟ್ಟ

ಓದಿನ ಮಟ್ಟಕ್ಕೆ ಬಣ್ಣ ಕೊಡುವ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ಸಂಸ್ಥೆಯ 'ಗ್ರೋಬೈ' ಎಂಬ ಓದಿನ ಕಾರ್ಯಕ್ರಮದಲ್ಲಿ ಹಸಿರಿನಿಂದ ಹಳದಿಯವರೆಗೆ ಆರು ಬಣ್ಣ. ಹಸಿರು ತೀರಾ ಸುಲಭ, ಹಳದಿ ಕಷ್ಟದ್ದು. ಪ್ರಥಮ್ ಬುಕ್ಸ್‌ನವರೂ ತಮ್ಮ ಪುಸ್ತಕಗಳಿಗೆ ಒಂದರಿಂದ ನಾಲ್ಕರವರೆಗೆ ಮಟ್ಟ ಹಾಕುತ್ತಾರೆ. ನಾವೂ ಮುಖಪುಟದ ಮೂಲೆಗೆ ಬಣ್ಣದ ಚುಕ್ಕೆ ಅಂಟಿಸಿದೆವು. ಒಂದರಿಂದ ಮೂರನೇ ತರಗತಿಯವರಿಗೆ ಇದು ತುಂಬಾ ಹಿಡಿಸಿತು. ತಮ್ಮ ಕೈಗೆ ಎಟುಕುವ ಪುಸ್ತಕ ಯಾವುದು ಅಂತ ತಾವೇ ನೋಡಿಕೊಂಡರು.

ದೊಡ್ಡ ತರಗತಿಯಲ್ಲಿ ಅದೇ ಚುಕ್ಕೆ ನೋವಾಯಿತು. ಏಳನೇ ತರಗತಿಯ ಒಬ್ಬ ಹುಡುಗ. ಮನೆಯಲ್ಲಿ ಕೊಂಕಣಿ, ಕನ್ನಡ ಓದು ನಿಧಾನ. ದೋಣಿಯ ಬಗ್ಗೆ, ಮೀನಿನ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗೆ ಓದಲು ಬರುವುದು ಹಸಿರು ಚುಕ್ಕೆಯ ಪುಸ್ತಕ. ಅವನ ಜೊತೆಗಾರರ ಕೈಯಲ್ಲಿ ನೀಲಿ, ಹಳದಿ. ಎರಡು ವಾರ ಹಳದಿ ಪುಸ್ತಕ ತೆಗೆದುಕೊಂಡು ಹೋಗಿ ತೆರೆಯದೆ ವಾಪಸ್ ತಂದ. ಮೂರನೇ ವಾರ ಗ್ರಂಥಾಲಯದ ಅವಧಿಯಲ್ಲಿ ಹೊರಗೆ ಗಿಡಕ್ಕೆ ನೀರು ಹಾಕುತ್ತೇನೆ ಅಂದ. ಅವತ್ತು ಸಂಜೆಯೇ ಚುಕ್ಕೆ ಕೀಳಲು ಶುರುಮಾಡಿದೆ. ಮಟ್ಟ ಗೊತ್ತಾಗಬೇಕು ನಿಜ, ಆದರೆ ಅದು ಶಿಕ್ಷಕರಿಗೆ ಮತ್ತು ಓದುವ ಮಗುವಿಗೆ ಸಾಕು. ಈಗ ಹಿಂಬದಿ ರಕ್ಷಾಪುಟದ ಒಳಗಡೆ ಪೆನ್ಸಿಲಿನಿಂದ ಒಂದು, ಎರಡು, ಮೂರು ಗೆರೆ ಇರುತ್ತದೆ. ಪಕ್ಕದಲ್ಲಿ ಕೂತವರಿಗೆ ಕಾಣುವುದಿಲ್ಲ.

ನೆಲದ ಮೇಲೆ ಹರಡಿದ ಶನಿವಾರಗಳು

ಜುಲೈ ತಿಂಗಳ ಬ್ಯಾಗ್ ಇಲ್ಲದ ಶನಿವಾರ. ಹೊರಗೆ ಜೋರು ಮಳೆ, ಆಟಕ್ಕೆ ಬಿಡುವ ಹಾಗಿಲ್ಲ. ನಾಲ್ಕೂ ಕಪಾಟಿನ ಪುಸ್ತಕಗಳನ್ನು ಹಾಲ್‌ನ ನೆಲದ ಮೇಲೆ ಹರಡಿದೆವು. ಐದು, ಆರು, ಏಳನೇ ತರಗತಿಯವರಿಗೆ ಹೇಳಿದ್ದು ಒಂದೇ ಮಾತು: "ನಿಮಗೆ ಬೇಕಾದಾಗ ಎಲ್ಲಿ ಹುಡುಕುತ್ತೀರೋ ಅಲ್ಲಿ ಗುಂಪು ಮಾಡಿ."

ಅವರು ಮಾಡಿದ ಗುಂಪುಗಳ ಹೆಸರು ನನಗೆ ಹೊಳೆಯುತ್ತಿರಲಿಲ್ಲ. ಕಡಲು-ಹೊಳೆ. ಕಾಡು. ದೆವ್ವ-ರಾಜ-ಮಾಟ. ನಗು ಬರುವುದು. ಮಾಡಿ ನೋಡು: ಇದರಲ್ಲಿ ವಿಜ್ಞಾನದ ಪ್ರಯೋಗ, ಕಾಗದದ ಆಟಿಕೆ, ಅಡುಗೆ ಎಲ್ಲ ಒಟ್ಟಿಗೆ. ದೊಡ್ಡವರಾದವರು: ಅಂದರೆ ಜೀವನ ಚರಿತ್ರೆ. ಹಾಡು-ಪದ್ಯ. ವೇಷ: ನಾಟಕ ಮತ್ತು ಯಕ್ಷಗಾನ ಪ್ರಸಂಗ. ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು: ನಿಘಂಟು, ವಿಶ್ವಕೋಶ, ನಕ್ಷೆ. ಈ ಹೆಸರುಗಳನ್ನು ನಾವು ತಿದ್ದಲಿಲ್ಲ. 'ಸಾಮಾನ್ಯ ಜ್ಞಾನ' ಅಂತ ಬೋರ್ಡ್ ಹಾಕಿದ್ದರೆ ಯಾರು ಹತ್ತಿರ ಹೋಗುತ್ತಿದ್ದರು?

ಜಗಳ ಬಂದದ್ದು ಆಮೆಯ ವಿಷಯದಲ್ಲೇ. ಒಂದು ಆಮೆ ಪುಸ್ತಕದಲ್ಲಿ ಆಮೆ ಮಾತಾಡುತ್ತದೆ. ಇನ್ನೊಂದರಲ್ಲಿ ಆಮೆಯ ಎಲುಬಿನ ಚಿತ್ರ ಇದೆ. ಎರಡೂ ಕಡಲಿಗೆ ಸೇರಬೇಕು ಅಂತ ಒಂದು ಗುಂಪು. ಮಾತಾಡುವ ಆಮೆ ಕತೆಗೆ ಹೋಗಬೇಕು ಅಂತ ಇನ್ನೊಂದು. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಐದನೇ ತರಗತಿಯ ಹುಡುಗಿ ಒಂದು ಪ್ರಶ್ನೆ ಕೊಟ್ಟಳು: "ನಿಜದ್ದಾ, ಕತೆಯದ್ದಾ?" ಮೊದಲು ಅದನ್ನು ಕೇಳುವುದು, ಆಮೇಲೆ ಗುಂಪು ಹುಡುಕುವುದು. ಡ್ಯೂಯಿಯ ಹತ್ತು ಭಾಗದಲ್ಲಿ ನನಗೆ ಸಿಗದ ಕೀಲಿ ಅದರಲ್ಲಿತ್ತು. ಹಾಲ್‌ನ ಎಡಗೋಡೆ ನಿಜದ್ದಕ್ಕೆ, ಬಲಗೋಡೆ ಕತೆಗೆ ಆಯಿತು. ಕಡಲು-ಹೊಳೆ ಎರಡೂ ಕಡೆ ಇದೆ. ನಿಜದ ಬುಟ್ಟಿಯಲ್ಲಿ ಒಂದು ರಟ್ಟಿನ ತುಂಡು ನಿಲ್ಲಿಸಿದ್ದೇವೆ: "ಮಾತಾಡುವ ಆಮೆ ಬೇಕಾದರೆ ಎದುರು ಗೋಡೆ ನೋಡು." ದೊಡ್ಡ ಗ್ರಂಥಾಲಯಗಳ ಕಾರ್ಡುಗಳಲ್ಲಿ 'ಇದನ್ನೂ ನೋಡಿ' ಅಂತ ಇರುತ್ತದಲ್ಲ, ಅದೇ ಕೆಲಸ.

ಭಾಷೆಯ ಪ್ರಕಾರ ಬೇರೆ ಮಾಡಲಿಲ್ಲ. ಆಮೆಯ ಇಂಗ್ಲಿಷ್ ಪುಸ್ತಕ ಕನ್ನಡದ್ದರ ಪಕ್ಕದಲ್ಲೇ ಇದೆ. ಕೊಂಕಣಿಯವು ಏಳೆಂಟು ಇದ್ದವು, ಕೆಲವು ಕನ್ನಡ ಲಿಪಿಯಲ್ಲಿ, ಕೆಲವು ದೇವನಾಗರಿಯಲ್ಲಿ. ಅವನ್ನೂ ಹಾಗೇ ಸೇರಿಸಿದೆವು. ಬೇರೆ ಇಟ್ಟಿದ್ದರೆ ಅವು ಮೂಲೆಯ ಪುಸ್ತಕಗಳಾಗುತ್ತಿದ್ದವು. ಗಿಡಕ್ಕೆ ನೀರು ಹಾಕಲು ಹೋಗಿದ್ದ ಹುಡುಗ ಮೊದಲು ಪೂರ್ತಿ ಓದಿದ್ದು ಕನ್ನಡ ಲಿಪಿಯ ಒಂದು ಕೊಂಕಣಿ ಪುಸ್ತಕ.

ದಪ್ಪ ಕತೆ-ಕಾದಂಬರಿಗಳು ನೂರಿಪ್ಪತ್ತರಷ್ಟು. ಅವಕ್ಕೆ ಮಾತ್ರ ಬರೆದವರ ಹೆಸರಿನ ಅಕ್ಷರಕ್ರಮ. ಕನ್ನಡದಲ್ಲಿ ಇದು ಅಂದುಕೊಂಡಷ್ಟು ಸುಲಭ ಅಲ್ಲ. ಮುಖಪುಟದಲ್ಲಿ ಇರುವ ಮೊದಲ ಅಕ್ಷರ ಊರಿನದೋ ಅಪ್ಪನದೋ ಅವರದೇ ಹೆಸರಿನದೋ ಆಗಿರುತ್ತದೆ. ದ. ರಾ. ಬೇಂದ್ರೆ ಅವರನ್ನು 'ದ'ದಲ್ಲಿ ಇಟ್ಟರೆ ಯಾರಿಗೂ ಸಿಗುವುದಿಲ್ಲ. ಕೆ. ವಿ. ಪುಟ್ಟಪ್ಪ ಮತ್ತು ಕುವೆಂಪು ಒಬ್ಬರೇ ಅಂತ ಐದನೇ ತರಗತಿಯ ಮಗುವಿಗೆ ಗೊತ್ತಿರಬೇಕು ಎಂದೇನಿಲ್ಲ. ಜನ ಕರೆಯುವ ಹೆಸರಿನ ಮೊದಲ ಅಕ್ಷರ ಎಂಬ ನಿಯಮ ಮಾಡಿದೆವು. ಬೇಂದ್ರೆ 'ಬ', ಕಾರಂತ ಮತ್ತು ಕುವೆಂಪು ಇಬ್ಬರೂ 'ಕ'. ಕಾಗುಣಿತದ ಒಳಕ್ರಮ ನೋಡುವುದಿಲ್ಲ. ನೂರಿಪ್ಪತ್ತು ಪುಸ್ತಕಕ್ಕೆ ಅಷ್ಟು ಸಾಕು.

ಬಾಗಿಲು ತೆಗೆದದ್ದು

ಕಪಾಟಿನ ಬಾಗಿಲುಗಳನ್ನೇ ಕಳಚಲು ಮುಖ್ಯ ಶಿಕ್ಷಕರನ್ನು ಒಪ್ಪಿಸಬೇಕಿತ್ತು. ಮಕ್ಕಳ ಹಕ್ಕು, ಓದಿನ ಪ್ರೀತಿ ಅಂತೆಲ್ಲ ಹೇಳಿದೆ. ಅವರು ಒಪ್ಪಿದ್ದು ಬೂಷ್ಟು ಹಿಡಿದ ಒಂದು ನಿಘಂಟನ್ನು ಮೇಜಿನ ಮೇಲೆ ಇಟ್ಟ ಮೇಲೆ. ಬಾಗಿಲು ತೆಗೆದು, ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಕೆಳಗೆ ಕಲ್ಲು ಕೊಟ್ಟು ಎತ್ತರಿಸಿದೆವು. ಕಿಟಕಿಗೆ ಇಲಿ ಬಾರದ ಹಾಗೆ ಜಾಲರಿ ಹಾಕಿಸಿದೆವು. ಬೂಷ್ಟು ಹಿಡಿದ ಪುಸ್ತಕಗಳನ್ನು ಬಿಸಿಲಿಗೆ ಹಾಕಲಿಲ್ಲ. ಬಿಸಿಲಿಗೆ ಕಾಗದ ಹಳದಿಯಾಗಿ ಮುರಿಯುತ್ತದೆ, ಬಣ್ಣ ಹೋಗುತ್ತದೆ. ನೆರಳಲ್ಲಿ ಫ್ಯಾನ್ ಗಾಳಿಗೆ ಬಿಡಿಸಿ ನಿಲ್ಲಿಸಿ, ಒಣಗಿದ ಮೇಲೆ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಒರೆಸಿದೆವು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಲಿಲ್ಲ. ನುಸಿಗುಳಿಗೆಯನ್ನೂ ಹಾಕಲಿಲ್ಲ, ಅದರ ಗಾಳಿ ಮಕ್ಕಳಿಗೆ ಒಳ್ಳೆಯದಲ್ಲ. ಒಣಗಿದ ಬೇವಿನ ಸೊಪ್ಪು, ಬಜೆಯ ತುಂಡು ಸಣ್ಣ ಬಟ್ಟೆಗಂಟಲ್ಲಿ ಇಟ್ಟಿದ್ದೇವೆ. ತಾಳೆಗರಿ ಇದ್ದ ಕಾಲದಿಂದ ಬಂದ ರೂಢಿ ಇದು.

ಬೆನ್ನಿಲ್ಲದ ತೆಳು ಪುಸ್ತಕಗಳಿಗೆ ಕಪಾಟು ಬೇಡವೇ ಬೇಡ. ತರಕಾರಿ ಅಂಗಡಿಯಲ್ಲಿ ಇರುತ್ತದಲ್ಲ, ಅಂಥ ಹೊಸ ಪ್ಲಾಸ್ಟಿಕ್ ಕ್ರೇಟುಗಳನ್ನು ಮೊಣಕಾಲೆತ್ತರದ ಬೆಂಚಿನ ಮೇಲೆ ಇಟ್ಟೆವು. ಮುಖಪುಟ ಮುಂದೆ ಬರುವ ಹಾಗೆ ಪುಸ್ತಕ ನಿಲ್ಲಿಸುವುದು. ಒಂದನೇ ತರಗತಿಯ ಮಗು ಹೆಸರು ಓದದೆಯೂ ಚಿತ್ರ ನೋಡಿ, ಒಂದೊಂದಾಗಿ ಸರಿಸಿ, ಬೇಕಾದದ್ದು ಎತ್ತಿಕೊಳ್ಳುತ್ತದೆ. ಒಂದು ಕ್ರೇಟಿಗೆ ನಲವತ್ತಕ್ಕಿಂತ ಜಾಸ್ತಿ ತುಂಬಿದರೆ ಸರಿಸಲು ಬರುವುದಿಲ್ಲ, ಪುಟ ಹರಿಯುತ್ತದೆ.

ಗುಂಪಿನ ಗುರುತಿಗೆ ಬಣ್ಣದ ಪಟ್ಟಿ. ಮೊದಲು ಮೈದಾ ಅಂಟಿನಿಂದ ಕಾಗದ ಅಂಟಿಸಿದ್ದೆವು. ಮಳೆಗಾಲದಲ್ಲಿ ಅದು ಕಿತ್ತು ಬಂತು. ಗಂಜಿಯ ಅಂಟು ಹುಳವನ್ನೂ ಕರೆಯುತ್ತದೆ. ಈಗ ಬಣ್ಣದ ಟೇಪನ್ನು ಮುಂದಿನ ರಟ್ಟಿನಿಂದ ಹಿಂದಿನ ರಟ್ಟಿಗೆ ಸುತ್ತಿ ಬರುವ ಹಾಗೆ ಹಾಕುತ್ತೇವೆ. ಆಗ ಅಂಚು ಏಳುವುದಿಲ್ಲ. ಅದೇ ಬಣ್ಣ ಕ್ರೇಟಿನ ಮೇಲೂ ಇರುತ್ತದೆ.

ವಾಪಸ್ ಇಡುವ ಹೊತ್ತು

ಇಷ್ಟೆಲ್ಲ ಮಾಡಿದ ಮೇಲೂ ಒಂದು ತಿಂಗಳಲ್ಲಿ ಅರ್ಧ ಕಲಸಿಹೋಯಿತು. ಆಗ ನನಗೆ 417ರ ನೆನಪಾಯಿತು. ಆ ಪುಸ್ತಕ ಕಳೆದದ್ದು ಯಾರೋ ತೆಗೆದಾಗ ಅಲ್ಲ, ವಾಪಸ್ ಇಟ್ಟಾಗ. ಅಲ್ಲಿಯವರೆಗೆ ನಾನು ಹುಡುಕುವ ಮಗುವನ್ನು ಮಾತ್ರ ನೋಡುತ್ತಿದ್ದೆ. ಪುಸ್ತಕ ಮುಂದಿನವರಿಗೆ ಸಿಗುತ್ತದೋ ಇಲ್ಲವೋ ಎಂಬುದು ಹಿಂದಿನವರು ಗಂಟೆ ಹೊಡೆದ ಗಡಿಬಿಡಿಯಲ್ಲಿ ಎಲ್ಲಿ ಇಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಹಾಗಾಗಿ ಹಳೆಯ ಕ್ಯಾಲೆಂಡರ್ ರಟ್ಟಿನಲ್ಲಿ ಮಾರುದ್ದ ಅಲ್ಲ, ಗೇಣುದ್ದದ ಪಟ್ಟಿಗಳನ್ನು ಕತ್ತರಿಸಿದೆವು. ಪ್ರತಿ ಮಗುವಿಗೆ ಒಂದು, ಮೇಲೆ ಅದರ ಹೆಸರು. ಪುಸ್ತಕ ಎತ್ತಿದ ಜಾಗದಲ್ಲಿ ತನ್ನ ಪಟ್ಟಿ ಇಡಬೇಕು. ಓದಿ ಮುಗಿದ ಮೇಲೆ ತನ್ನ ಹೆಸರು ಹುಡುಕಿ, ಅದನ್ನು ತೆಗೆದು, ಅಲ್ಲೇ ಪುಸ್ತಕ ಇಡಬೇಕು. ತನ್ನ ಹೆಸರು ಎಲ್ಲಿದೆ ಎಂದು ಯಾವ ಮಗುವೂ ಮರೆಯುವುದಿಲ್ಲ. ಕೋಣೆಯೊಳಗೆ ಓದುವಾಗ ಇದು ಬಹಳ ಚೆನ್ನಾಗಿ ನಡೆಯುತ್ತಿದೆ. ಮನೆಗೆ ಒಯ್ಯುವ ಪುಸ್ತಕಕ್ಕೆ ನಡೆಯಲಿಲ್ಲ, ವಾರದಲ್ಲಿ ಪಟ್ಟಿಗಳು ಬಿದ್ದು ಹೋದವು. ಅವಕ್ಕೆ ಬಾಗಿಲ ಹತ್ತಿರ ಒಂದು ವಾಪಸ್ ಬುಟ್ಟಿ ಇದೆ. ಪ್ರತಿ ತರಗತಿಯಿಂದ ಇಬ್ಬರು ಸರದಿಯ ಮೇಲೆ ಬಣ್ಣ ನೋಡಿ ಅವನ್ನು ಜಾಗಕ್ಕೆ ಸೇರಿಸುತ್ತಾರೆ.

ದಾಸ್ತಾನು ಪುಸ್ತಕ ಹಾಗೇ ಇದೆ. ಸಂಖ್ಯೆ ಪುಸ್ತಕದ ಮೊದಲ ಪುಟದಲ್ಲಿ ಇದೆ. ಒಂದು ಕಾಲಂ ಮಾತ್ರ ಪೆನ್ಸಿಲಿನಲ್ಲಿ ಸೇರಿಸಿದೆವು: ಎಲ್ಲಿದೆ. 417ರ ಮುಂದೆ 'ನಿಜ, ಕಡಲು' ಅಂತ ಇದೆ. ಈ ವರ್ಷ ಎಣಿಸುವಾಗ ಇಬ್ಬರು ಶಿಕ್ಷಕರಿಗೆ ಒಂದು ಮಧ್ಯಾಹ್ನ ಹಿಡಿಯಿತು. ಆರು ಪುಸ್ತಕ ಸಿಗಲಿಲ್ಲ. ಬೀಗ ಇದ್ದಾಗ ಒರಲೆ ತಿಂದದ್ದು ಇದಕ್ಕಿಂತ ಎಷ್ಟೋ ಪಟ್ಟು.

ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರ. ಓದುಗರ ಸಮಯ ಉಳಿಸಿ ಎಂಬುದು ನಾಲ್ಕನೆಯದು. ತರಬೇತಿಯಲ್ಲಿ ಇದನ್ನು ಬರೆದುಕೊಂಡಿದ್ದೆ. ಅರ್ಥವಾದದ್ದು ಆ ಏಳು ವಾರದ ನಂತರ.

ಸೋತದ್ದೂ ಇದೆ. 'ನಮ್ಮ ಜಿಲ್ಲೆ' ಎಂಬ ಕಪಾಟು ನನ್ನ ಆಸೆಯಿಂದ ಬಂದದ್ದು. ದಿನಕರ ದೇಸಾಯಿ, ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲರನ್ನು ಒಂದೇ ಕಡೆ ಇಟ್ಟಿದ್ದೆ. ದೊಡ್ಡವರಿಗೆ ಬರೆದ ದಪ್ಪ ಪುಸ್ತಕಗಳು, ಮಕ್ಕಳು ಮುಟ್ಟಲಿಲ್ಲ. ದೇಸಾಯಿಯವರ ಮಕ್ಕಳ ಪದ್ಯಗಳನ್ನು ಅಲ್ಲಿಂದ ಎತ್ತಿ ಹಾಡು-ಪದ್ಯದ ಕ್ರೇಟಿಗೆ ಹಾಕಿದ ವಾರವೇ ಅವು ಹೊರಗೆ ಹೋದವು. ಉಳಿದವು ಈಗ ಶಿಕ್ಷಕರ ಕೋಣೆಯಲ್ಲಿ ಇವೆ, ಊರಿನ ಹಿರಿಯರು ಬಂದು ಒಯ್ಯುತ್ತಾರೆ.

ಈಗ ನಿಜದ ಕಡೆಯ ಕಡಲು-ಹೊಳೆ ಕ್ರೇಟು ತುಂಬಿಹೋಗಿದೆ. ಸರಿಸಲು ಬರುತ್ತಿಲ್ಲ. ಮೀನನ್ನು ಬೇರೆ ಮಾಡೋಣ ಅಂತ ಆರನೇ ತರಗತಿಯವರು ಹೇಳುತ್ತಾರೆ. ಆಗ ಏಡಿ, ಸಿಗಡಿ ಎಲ್ಲಿಗೆ ಹೋಗಬೇಕು ಅಂತ ಐದನೇ ತರಗತಿಯವರು ಕೇಳುತ್ತಾರೆ. ಸಿಗಡಿ ಮೀನಲ್ಲ ಎಂದು ಪುಸ್ತಕ ತೆಗೆದು ತೋರಿಸಿದವನು ಅದೇ ನಿಧಾನ ಓದಿನ ಹುಡುಗನ ತಮ್ಮ. ಮುಂದಿನ ಶನಿವಾರ ಮತ್ತೆ ನೆಲದ ಮೇಲೆ ಹರಡಬೇಕು.